ಗೊಂಬೆ ಮೆಟ್ಟಿಲ ಪಕ್ಕಕ್ಕೊಂದು ಎಚ್‌ಟಿ-2: ಕಾಗದದಲ್ಲಿ ಹಳೆಯ ತರಬೇತಿ ವಿಮಾನ ಕಟ್ಟುವ ಬಗೆ

ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಶೆಟ್ಟಿ ಅಂಗಡಿ, ನೆಲದ ಮೇಲೆ ರಾಗಿ ಮೊಳಕೆ ಬರಿಸಿದ ಪಾರ್ಕು. ಮೂರು ವರ್ಷದ ಹಿಂದೆ ಅಣ್ಣನ ಮಗಳು, "ಅತ್ತೆ, ಪಾರ್ಕು ಇದೆ, ಝೂ ಇದೆ, ಮಂಡಕಳ್ಳಿ ಯಾಕಿಲ್ಲ?" ಅಂತ ಕೇಳಿದಳು. ಮಂಡಕಳ್ಳಿ ಅಂದರೆ ನಮ್ಮ ಮೈಸೂರಿನ ವಿಮಾನ ನಿಲ್ದಾಣ. ಅಂಗಡಿಯಿಂದ ಪ್ಲಾಸ್ಟಿಕ್ ವಿಮಾನ ತಂದಿಡಬಹುದಿತ್ತು. ಆದರೆ ಗೊಂಬೆ ಹಬ್ಬದಲ್ಲಿ ಕೈಯಾರೆ ಮಾಡಿದ್ದಕ್ಕೆ ಬೆಲೆ ಜಾಸ್ತಿ. ಹಾಗಾಗಿ ಕಾಗದದಲ್ಲೇ ಕಟ್ಟೋಣ ಅಂತ ಕೂತೆವು. ಈವರೆಗೆ ಅದೇ ವಿಮಾನವನ್ನು ಮೂರು ಸಲ ಕಟ್ಟಿದ್ದೇವೆ. ಆ ಮೂರು ಸಲದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಆರಿಸಿಕೊಂಡದ್ದು ಎಚ್‌ಟಿ-2. ಹಿಂದೂಸ್ತಾನ್ ಟ್ರೈನರ್ ಅನ್ನುವುದರ ಚಿಕ್ಕ ರೂಪ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದಕ್ಕೆ ಜಾಗ ಕೊಟ್ಟು, ಹಣವನ್ನೂ ಹಾಕಿದ್ದು ಆಗಿನ ಮೈಸೂರು ಸಂಸ್ಥಾನದ ಸರ್ಕಾರ. ಆ ಕಾರ್ಖಾನೆಯೇ ಇವತ್ತಿನ ಎಚ್‌ಎಎಲ್. ಅಲ್ಲಿ ವಿ. ಎಂ. ಘಾಟಗೆ ಅವರ ತಂಡ ಈ ವಿಮಾನದ ವಿನ್ಯಾಸ ಮಾಡಿತು. 1951ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಹಾರಿತು. ಸ್ವತಂತ್ರ ಭಾರತದಲ್ಲಿ ಇಲ್ಲಿನವರೇ ವಿನ್ಯಾಸ ಮಾಡಿ ಹಾರಿಸಿದ ಮೊದಲ ಎಂಜಿನ್ ವಿಮಾನ ಅದು. ಆಮೇಲೆ ನೂರೈವತ್ತಕ್ಕೂ ಜಾಸ್ತಿ ತಯಾರಾದವು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಘಾನಾ ದೇಶಕ್ಕೂ 12 ವಿಮಾನ ಹೋದವು. ಗೊಂಬೆ ನೋಡಲು ಬರುವ ಹಿರಿಯರಿಗೆ ಈ ಕಥೆ ಹೇಳಿದರೆ ಅವರ ಮುಖ ಅರಳುತ್ತದೆ. ಅದಕ್ಕಾಗಿಯೇ ನನಗೆ ಈ ವಿಮಾನ ಬೇಕಿತ್ತು.

ಕಾಗದಕ್ಕೂ ಇದು ಒಗ್ಗುವ ವಿಮಾನ. ರೆಕ್ಕೆ ಒಂದೇ ಜೊತೆ, ಅದೂ ಒಡಲಿನ ಕೆಳಭಾಗದಲ್ಲಿ. ಚಕ್ರಗಳು ಮಡಚಿ ಒಳಗೆ ಹೋಗುವುದಿಲ್ಲ. ಇದರ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳು ಒಂದರ ಹಿಂದೆ ಒಂದು ತಲೆಕೆಳಗಾಗಿ ಇರುತ್ತವೆ. ಹಾಗಾಗಿ ಮೂಗು ದುಂಡಗಿನ ಡಬ್ಬಿಯಂತಿಲ್ಲ, ಕಿರಿದಾಗಿ ಉದ್ದವಾಗಿದೆ. ಟೈಗರ್ ಮಾತ್ ಅನ್ನುವ ಹಳೆಯ ಬ್ರಿಟಿಷ್ ತರಬೇತಿ ವಿಮಾನವೂ ಅಂದದ್ದೇ. ಆದರೆ ಅದಕ್ಕೆ ಎರಡು ಅಂತಸ್ತಿನ ರೆಕ್ಕೆ, ನಡುವೆ ಕಂಬ, ತಂತಿ. ಮೊದಲ ಸಲಕ್ಕೆ ಅದು ಬೇಡ.

ಕೈ ಹಾಕುವ ಮುಂಚೆ ಒಂದು ವಿಷಯ ಮನಸ್ಸಿಗೆ ಹೋಗಬೇಕು. ಕಾಗದ ಒಂದು ಸಲಕ್ಕೆ ಒಂದೇ ಕಡೆಗೆ ಬಾಗುತ್ತದೆ. ಸುತ್ತಿದರೆ ಕೊಳವೆ ಆಗುತ್ತದೆ, ಕಡಲೆಕಾಯಿ ಕಟ್ಟುವ ಪೊಟ್ಟಣ ಆಗುತ್ತದೆ. ಆದರೆ ಚೆಂಡಿನ ಮೇಲೆ ಹೊದಿಸಲು ಹೋದರೆ ಸುಕ್ಕು ಬೀಳುತ್ತದೆ. ವಿಮಾನದ ಮೈಯಲ್ಲಿ ಎಲ್ಲೆಲ್ಲಿ ಒಂದೇ ಕಡೆ ಬಾಗು ಇದೆಯೋ ಅಲ್ಲಿ ಇಡೀ ಹಾಳೆ ಹೊದಿಸಬಹುದು. ಎರಡೂ ಕಡೆ ಬಾಗು ಇದ್ದರೆ ಅದನ್ನು ಸಣ್ಣ ಸಣ್ಣ ಪಟ್ಟಿ ಮಾಡಬೇಕು, ಇಲ್ಲವೇ ಹೂವಿನ ದಳದಂತೆ ಸೀಳಬೇಕು. ಎಲ್ಲಿ ಒಂದೇ ಹಾಳೆ, ಎಲ್ಲಿ ದಳ ಅಂತ ನಕ್ಷೆ ನೋಡುತ್ತಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕಾಗದಕ್ಕೆ ನಾರಿನ ದಿಕ್ಕೂ ಇದೆ. ಒಂದು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ನಾರಿಗೆ ಸಮನಾಗಿ ಸುತ್ತಿದರೆ ಕಾಗದ ಮಾತು ಕೇಳುತ್ತದೆ. ಹಾಗಾಗಿ ಒಡಲಿನ ಹೊದಿಕೆಯಲ್ಲಿ ನಾರು ಮೂಗಿನಿಂದ ಬಾಲದ ಕಡೆಗೆ ಇರಬೇಕು. ರೆಕ್ಕೆಯಲ್ಲಿ ಬುಡದಿಂದ ತುದಿಯ ಕಡೆಗೆ ಇರಬೇಕು. ಇದು ತಪ್ಪಿದರೆ ಅಂಟು ಎಷ್ಟು ಹಾಕಿದರೂ ರೆಕ್ಕೆ ಬಿಚ್ಚಿಕೊಳ್ಳಲು ನೋಡುತ್ತಲೇ ಇರುತ್ತದೆ.

ಅಳತೆ

ನಿಜವಾದ ಎಚ್‌ಟಿ-2ರ ರೆಕ್ಕೆಯ ಒಟ್ಟು ಅಗಲ 10.72 ಮೀಟರ್. ಉದ್ದ 7.53 ಮೀಟರ್. ಎತ್ತರ 2.72 ಮೀಟರ್. ಕಾಗದದ ವಿಮಾನ ಕಟ್ಟುವವರು ಹೆಚ್ಚಾಗಿ ಬಳಸುವ ಪ್ರಮಾಣ 1:33. ಆ ಲೆಕ್ಕದಲ್ಲಿ ರೆಕ್ಕೆ 32.5 ಸೆಂ.ಮೀ., ಉದ್ದ 22.8 ಸೆಂ.ಮೀ., ಎತ್ತರ ಸುಮಾರು 8.2 ಸೆಂ.ಮೀ. ಆಗುತ್ತದೆ. ಒಂದೊಂದು ಕಡೆಯ ರೆಕ್ಕೆ ಒಂದು ಎ4 ಹಾಳೆಯಲ್ಲಿ ಆರಾಮಾಗಿ ಹಿಡಿಸುತ್ತದೆ. ಇನ್ನೂ ಚಿಕ್ಕದು ಬೇಕು ಅನ್ನುವವರು 1:48 ಮಾಡಬಹುದು. ಆಗ ರೆಕ್ಕೆ 22.3 ಸೆಂ.ಮೀ. ಮಾತ್ರ. ಆದರೆ ಚಿಕ್ಕದಾದಷ್ಟೂ ಕೆಲಸ ಕಷ್ಟ, ಸುಲಭ ಅಲ್ಲ. ಮಕ್ಕಳ ಜೊತೆ ಕೂರುವವರಿಗೆ 1:33 ಸರಿ.

ಮೊದಲು ಮೂರು ನೋಟದ ನಕ್ಷೆ ಹುಡುಕಿಕೊಳ್ಳಿ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಕಾಣುವ ಮೂರೂ ಚಿತ್ರ ಅದರಲ್ಲಿ ಇರಬೇಕು. ಅದನ್ನು ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ರೆಕ್ಕೆಯ ಅಗಲ ಸರಿಯಾಗಿ 32.5 ಸೆಂ.ಮೀ. ಬರುವಂತೆ ಮಾಡಿ. ಒಂದೇ ಎ4ರಲ್ಲಿ ಅದು ಹಿಡಿಸುವುದಿಲ್ಲ, ಎರಡು ಹಾಳೆ ಸೇರಿಸಿ ಅಥವಾ ಎ3 ತೆಗೆಸಿ. ಪ್ರಿಂಟ್ ಮಾಡಿಸುವಾಗ ಹಾಳೆಯ ಮೂಲೆಯಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಸೇರಿಸಿ. ಪ್ರಿಂಟ್ ಬಂದ ಮೇಲೆ ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆಯಿರಿ. ನಾನು ಮೊದಲ ಸಲ ಅಳೆಯದೆ ಮನೆಗೆ ಬಂದೆ. ಹಾಳೆಗೆ ಹೊಂದಿಸುವ ಸೆಟ್ಟಿಂಗ್‌ನಲ್ಲೇ ಪ್ರಿಂಟ್ ಕೊಟ್ಟುಬಿಟ್ಟಿದ್ದರು. ನೂರಕ್ಕೆ ಮೂರರಷ್ಟು ಕುಗ್ಗಿತ್ತು. ಕೈಯಲ್ಲಿ ಅಳೆದು ಕತ್ತರಿಸಿದ, ರೆಕ್ಕೆಯ ಒಳಗೆ ಉದ್ದಕ್ಕೂ ಬರುವ ರಟ್ಟಿನ ತೊಲೆಗೂ ಪ್ರಿಂಟ್ ಆದ ರೆಕ್ಕೆಗೂ ಸುಮಾರು ಒಂದು ಸೆಂ.ಮೀ. ವ್ಯತ್ಯಾಸ ಬಂತು. ಎರಡು ಸಂಜೆಯ ಕೆಲಸ ಹೋಯಿತು. "ನೂರಕ್ಕೆ ನೂರು ಸೈಜ್‌ನಲ್ಲೇ ಹಾಕಿ" ಅಂತ ಬಾಯಿ ಬಿಟ್ಟು ಹೇಳಿ.

ಸಾಮಾನು

ಹೊದಿಕೆಗೆ 160 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಕಾಗದ. ಸಣ್ಣ ಭಾಗಗಳಿಗೆ 120. ಒಳಗಿನ ಅಸ್ಥಿಪಂಜರಕ್ಕೆ 1 ಮಿ.ಮೀ. ರಟ್ಟು. ಬರೆಯುವ ಪ್ಯಾಡ್‌ನ ಹಿಂಬದಿಯಲ್ಲಿ ಇರುತ್ತದಲ್ಲ, ಅದೇ ಸಾಕು. ರಟ್ಟಿಗಿಂತ ತೆಳ್ಳಗೆ, ಕಾಗದಕ್ಕಿಂತ ಗಟ್ಟಿ ಬೇಕಾದ ಕಡೆ ಹಳೆಯ ಲಗ್ನಪತ್ರಿಕೆ ಬಹಳ ಒಳ್ಳೆಯದು. ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿಯ ಕಾರ್ಡೂ ಆಗುತ್ತದೆ. ಕಟರ್, ಸ್ಟೀಲ್ ಸ್ಕೇಲ್, ಫೆವಿಕಾಲ್, ಹಲ್ಲುಕಡ್ಡಿ, ಬಟ್ಟೆ ಕ್ಲಿಪ್ಪು, ನುಣುಪಾದ ಸ್ಯಾಂಡ್ ಪೇಪರ್, ಇಂಕು ಮುಗಿದ ಬಾಲ್ ಪೆನ್. ಕಾಗದ ಸುತ್ತಲು ಸ್ವೆಟರ್ ಹೆಣೆಯುವ ಕಡ್ಡಿ. ಚಕ್ರದ ಅಚ್ಚಿಗೆ ಅಗರಬತ್ತಿಯ ಬಿದಿರು ಕಡ್ಡಿ. ಅದಕ್ಕೆ ನಮ್ಮೂರಲ್ಲಿ ಬರವಿಲ್ಲ. ಪೈಲಟ್ ಕೂರುವ ಜಾಗದ ಗಾಜಿಗೆ ಹೊಸ ಶರ್ಟಿನ ಕಾಲರ್ ಒಳಗೆ ಬರುವ ಪಾರದರ್ಶಕ ಪ್ಲಾಸ್ಟಿಕ್ ತೆಗೆದಿಡಿ.

ಬ್ಲೇಡ್ ಕೆಲಸ ದೊಡ್ಡವರದು, ಅಂಟಿಸುವ ಕೆಲಸ ಮಕ್ಕಳದು. ನಮ್ಮ ಮನೆಯಲ್ಲಿ ಇದು ನಿಯಮ. ರಟ್ಟನ್ನು ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಬ್ಲೇಡ್ ಮೊಂಡಾಯಿತು ಅನ್ನಿಸಿದ ಕೂಡಲೇ ತುದಿ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡ್ ಕಾಗದವನ್ನು ಹರಿಯುತ್ತದೆ, ಕೈಗೂ ಅದೇ ಅಪಾಯ.

ಒಡಲು

ಪಕ್ಕದ ನೋಟದಿಂದ ಒಡಲಿನ ಆಕಾರವನ್ನು ರಟ್ಟಿನ ಮೇಲೆ ಇಳಿಸಿ. ಇದು ಬೆನ್ನೆಲುಬು. ಸುತ್ತಲೂ ಕಾಲು ಮಿ.ಮೀ. ಒಳಕ್ಕೆ ಕತ್ತರಿಸಿ. ಹೊದಿಕೆಯ ದಪ್ಪಕ್ಕೆ ಅಷ್ಟು ಜಾಗ ಬೇಕು. ಪೈಲಟ್ ಕೂರುವ ಕಡೆ ಬೆನ್ನೆಲುಬನ್ನು ಸೀಟಿನ ನೆಲದ ಮಟ್ಟಕ್ಕೆ ತಗ್ಗಿಸಿ. ಕೆಳಗಡೆ, ರೆಕ್ಕೆಯ ತೊಲೆ ಕೂರುವ ಜಾಗದಲ್ಲಿ ಒಂದು ಕಚ್ಚು ಕೊರೆಯಿರಿ. ಅದರ ಬಾಯಿ ಕೆಳಕ್ಕೆ ತೆರೆದಿರಲಿ. ಆಮೇಲೆ ಇಡೀ ರೆಕ್ಕೆಯನ್ನು ಕೆಳಗಿನಿಂದ ಒತ್ತಿ ಕೂರಿಸಬಹುದು.

ಇನ್ನು ಅಡ್ಡ ಬಿಲ್ಲೆಗಳು. ಬ್ರೆಡ್ ಕತ್ತರಿಸಿದಂತೆ ಒಡಲನ್ನು ಎರಡೂವರೆ ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ ಕಾಣುವ ಆಕಾರಗಳೇ ಇವು. ಒಂಬತ್ತು ಬಿಲ್ಲೆ ಸಾಕು. ನಕ್ಷೆಯಲ್ಲಿ ಅಡ್ಡ ಸೀಳಿಕೆಯ ಚಿತ್ರ ಇದ್ದರೆ ಅದನ್ನೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಎತ್ತರವನ್ನು ಪಕ್ಕದ ನೋಟದಿಂದ, ಅಗಲವನ್ನು ಮೇಲಿನ ನೋಟದಿಂದ ತೆಗೆದುಕೊಂಡು ಒಂದು ಆಯತ ಬರೆಯಿರಿ. ಮೇಲ್ಭಾಗ ದುಂಡು ಮಾಡಿ, ಕೆಳಗಿನ ಮೂಲೆಗಳನ್ನು ಸ್ವಲ್ಪ ಸವರಿ. ಕಾಗದ ಮಡಚಿ ಅರ್ಧ ಬಿಲ್ಲೆ ಬರೆದು ಎರಡೂ ಪದರ ಒಟ್ಟಿಗೆ ಕತ್ತರಿಸಿದರೆ ಎಡ ಬಲ ಒಂದೇ ಸಮ ಬರುತ್ತದೆ. ಅದನ್ನು ರಟ್ಟಿನ ಮೇಲೆ ಇಟ್ಟು ಗೆರೆ ಎಳೆಯಿರಿ. ಬಿಲ್ಲೆಯಲ್ಲಿ ಅರ್ಧ ಎತ್ತರಕ್ಕೆ, ಬೆನ್ನೆಲುಬಿನಲ್ಲಿ ಅರ್ಧ ಎತ್ತರಕ್ಕೆ 1 ಮಿ.ಮೀ. ಅಗಲದ ಸೀಳು ಕೊಟ್ಟರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಅಂಟು ಹಾಕದೆ ಎಲ್ಲವನ್ನೂ ಒಮ್ಮೆ ಜೋಡಿಸಿ. ಮೂಗಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಬಿಲ್ಲೆಗಳ ಅಂಚು ಏರಿಳಿತ ಇಲ್ಲದೆ ಸಾಲಾಗಿ ಕಾಣಬೇಕು. ಯಾವುದೋ ಒಂದು ಎದ್ದಿದ್ದರೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಈಗ ಉಳಿಸಿದ ಒಂದು ಮಿ.ಮೀ. ಉಬ್ಬು ಹೊದಿಕೆ ಬಂದ ಮೇಲೆ ಹಸಿದ ಹಸುವಿನ ಪಕ್ಕೆಲುಬಿನಂತೆ ಎದ್ದು ಕಾಣುತ್ತದೆ. ಸರಿ ಇದೆ ಅನ್ನಿಸಿದ ಮೇಲೆಯೇ ಅಂಟು.

ಹೊದಿಕೆಯ ಆಕಾರಕ್ಕೆ ಲೆಕ್ಕ ಬೇಡ. ಎರಡು ಬಿಲ್ಲೆಗಳ ಮಧ್ಯೆ ಒಂದು ತೆಳು ಕಾಗದ ಸುತ್ತಿ. ಬಿಲ್ಲೆಯ ಅಂಚು ಎಲ್ಲಿ ಬರುತ್ತದೋ ಅಲ್ಲಿ ಬೆರಳಿನಿಂದ ಒತ್ತಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬಿಚ್ಚಿ ಹರಡಿದರೆ ಅದೇ ಅಳತೆಯ ಮಾದರಿ. ದರ್ಜಿಗಳು ಮೊದಲು ಹಳೆಯ ಬಟ್ಟೆಯಲ್ಲಿ ಅಳತೆ ನೋಡುವುದಿಲ್ಲವೇ, ಹಾಗೆ. ಮಾದರಿಗೆ ನಂಬರ್ ಬರೆದು, ಮುಂದೆ ಯಾವುದು ಹಿಂದೆ ಯಾವುದು ಅಂತ ಬಾಣದ ಗುರುತು ಹಾಕಿ, 160ರ ಕಾಗದಕ್ಕೆ ಇಳಿಸಿ. ಬಾಗಿಲು, ಮುಚ್ಚಳಗಳ ಗೆರೆ ಬೇಕಿದ್ದರೆ ಈಗಲೇ ಇಂಕಿಲ್ಲದ ಪೆನ್ನಿನಿಂದ ಮೆಲ್ಲಗೆ ಒತ್ತಿ ಎಳೆಯಿರಿ.

ಅಂಟಿಸುವ ಮುಂಚೆ ಹೊದಿಕೆಗೆ ಬಾಗು ಕೊಡಬೇಕು. ಅಂಗೈ ಮೇಲೆ ಕಾಗದ ಇಟ್ಟು ಹೆಣಿಗೆ ಕಡ್ಡಿಯನ್ನು ಉರುಳಿಸಿ. ಎಂಟು ಹತ್ತು ಸಲ ಉರುಳಿಸಿದರೆ ಕಾಗದ ತಾನಾಗಿಯೇ ಸುರುಳಿಯಾಗುತ್ತದೆ. ಬಿಲ್ಲೆಗಳ ಮೇಲೆ ಇಟ್ಟಾಗ ಕೈ ಬಿಟ್ಟರೂ ಅದು ಹಾಗೇ ನಿಂತಿದ್ದರೆ ಬಾಗು ಸಾಕು. ಅಂಟಿನ ಬಲದಿಂದ ಕಾಗದವನ್ನು ಬಾಗಿಸಬಾರದು. ಎರಡು ಹೊದಿಕೆ ಸೇರುವ ಕಡೆ ಒಳಗಿನಿಂದ 5 ಮಿ.ಮೀ. ಅಗಲದ ಪಟ್ಟಿ ಇರಲಿ. ಉದ್ದದ ಜೋಡಣೆ ಹೊಟ್ಟೆಯ ಕೆಳಗೆ ಬರಲಿ, ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಫೆವಿಕಾಲ್‌ನಲ್ಲಿ ನೀರಿದೆ. ಜಾಸ್ತಿ ಹಾಕಿದರೆ ಕಾಗದ ಕುಡಿದು ಉಬ್ಬುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ತೆಳ್ಳಗೆ ಸವರಿ, ಅರ್ಧ ನಿಮಿಷ ಬಿಟ್ಟು, ಅಂಟಂಟು ಬಂದ ಮೇಲೆ ಒತ್ತಿ ಹಿಡಿಯಿರಿ. ಮಳೆ ಬರುವ ದಿನ ಒಣಗಲು ತಡವಾಗುತ್ತದೆ, ಅವಸರ ಬೇಡ.

ಸೀಟಿನ ಭಾಗದ ಹೊದಿಕೆ ಮುಚ್ಚುವ ಮೊದಲು ಒಳಗಿನ ಕೆಲಸ ಮುಗಿಸಿ. ಎಚ್‌ಟಿ-2ರಲ್ಲಿ ಕಲಿಯುವವರು, ಕಲಿಸುವವರು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಎರಡು ಸೀಟು, ಎರಡು ಡಯಲ್ ಹಲಗೆ, ವಿಮಾನ ನಡೆಸಲು ಪೈಲಟ್ ಹಿಡಿಯುವ ಎರಡು ಕಡ್ಡಿ. ಸೀಟಿಗೆ ಲಗ್ನಪತ್ರಿಕೆಯ ಕಾರ್ಡು. ಬೆಲ್ಟಿಗೆ ತೆಳು ಕಾಗದದ ಪಟ್ಟಿ. ಡಯಲ್‌ಗಳನ್ನು ಕಪ್ಪು ಕಾಗದದ ಮೇಲೆ ಬಿಳಿ ಜೆಲ್ ಪೆನ್ನಿನಿಂದ ಬರೆಯಬಹುದು. ನಮ್ಮ ಎರಡನೇ ವಿಮಾನದಲ್ಲಿ ಇದನ್ನು ಆಮೇಲೆ ಮಾಡೋಣ ಅಂತ ಮುಚ್ಚಿಬಿಟ್ಟೆವು. ಬೆರಳೂ ಹೋಗಲಿಲ್ಲ, ಚಿಮಟವೂ ಹೋಗಲಿಲ್ಲ. ಆ ಭಾಗವನ್ನು ಕತ್ತರಿಸಿ ಹೊಸದಾಗಿ ಹೊದಿಸಬೇಕಾಯಿತು.

ಮೂಗಿನ ತುದಿಯಲ್ಲಿ ಎರಡೂ ಕಡೆ ಬಾಗು ಇದೆ. ಇಲ್ಲಿ ಕಾಗದವನ್ನು ದಳಗಳಾಗಿ ಸೀಳಿ, ಒಂದೊಂದು ದಳವನ್ನೂ ಒಳಕ್ಕೆ ಬಾಗಿಸಿ, ಒಳಗಡೆ ತುಂಡು ಕಾಗದ ಇಟ್ಟು ಪಕ್ಕಪಕ್ಕಕ್ಕೆ ಸೇರಿಸಿ. ಒಣಗಿದ ಮೇಲೆ ಹೊರಗೆ ತೆಳ್ಳಗೆ ಫೆವಿಕಾಲ್ ಸವರಿ, ಅದೂ ಒಣಗಿದ ಮೇಲೆ ಹಗುರವಾಗಿ ಸ್ಯಾಂಡ್ ಪೇಪರ್ ಹಾಕಿ. ಎಂಜಿನ್ ತಲೆಕೆಳಗಾಗಿ ಇರುವುದರಿಂದ ಪ್ರೊಪೆಲರ್‌ನ ಅಚ್ಚು ಮೂಗಿನ ನಟ್ಟನಡುವೆ ಬರುವುದಿಲ್ಲ, ಮೇಲಕ್ಕೆ ಇರುತ್ತದೆ. ರಂಧ್ರ ಕೊರೆಯುವ ಮುಂಚೆ ನಕ್ಷೆ ನೋಡಿ.

ರೆಕ್ಕೆ

ನನಗೆ ಅತ್ಯಂತ ಇಷ್ಟದ ಭಾಗ ಇದು. ರೆಕ್ಕೆ ಸರಿಯಾಗಿ ಬಂದರೆ ಉಳಿದ ಸಣ್ಣಪುಟ್ಟ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಮುಂದಿನ ನೋಟದಲ್ಲಿ ಗಮನಿಸಿ, ರೆಕ್ಕೆಗಳು ತುದಿಯ ಕಡೆಗೆ ಸ್ವಲ್ಪ ಮೇಲಕ್ಕೆ ಎದ್ದಿವೆ. ಆ ಏರಿಕೆಯನ್ನು ತೊಲೆಯಲ್ಲೇ ತರಬೇಕು. ಎರಡು ಪದರ ರಟ್ಟು ಅಂಟಿಸಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ತುಂಡಾಗಿ, ಚಪ್ಪಟೆಯಾದ ವಿ ಆಕಾರದಲ್ಲಿ ಕತ್ತರಿಸಿ. ಎರಡು ರೆಕ್ಕೆ ಬೇರೆ ಬೇರೆ ಮಾಡಿ ಒಡಲಿಗೆ ಅಂಟಿಸಿದರೆ ಒಂದು ವಾರದಲ್ಲಿ ಜೋತು ಬೀಳುತ್ತವೆ. ತೊಲೆಯ ಮೇಲೆ ಎರಡೂವರೆ ಸೆಂ.ಮೀ.ಗೆ ಒಂದರಂತೆ ಪಕ್ಕೆಲುಬು. ಕೆಳಗೆ ಬಹುತೇಕ ಚಪ್ಪಟೆ, ಮೇಲೆ ಕಮಾನು. ರೆಕ್ಕೆಯ ಬುಡದಲ್ಲಿ ದೊಡ್ಡದು, ತುದಿಗೆ ಹೋದಂತೆ ಚಿಕ್ಕದು.

ಮೇಲಿನ ಹೊದಿಕೆ, ಕೆಳಗಿನ ಹೊದಿಕೆ ಎರಡೂ ಒಂದೇ ಹಾಳೆ. ಮುಂದಿನ ಅಂಚಿನಲ್ಲಿ ಮಡಿಕೆ ಬರುತ್ತದೆ. ಆದರೆ ಅಲ್ಲಿ ಉಗುರಿನಿಂದ ಗೀರಿ ಮಡಚಬೇಡಿ. ಹೆಣಿಗೆ ಕಡ್ಡಿಯ ಮೇಲೆ ಸುತ್ತಿ ದುಂಡಾಗಿ ಬಾಗಿಸಿ. ನಿಜವಾದ ರೆಕ್ಕೆಯ ಮುಂಭಾಗ ಚಾಕುವಿನಂತಿಲ್ಲ, ದುಂಡಗಿದೆ. ಹಿಂದಿನ ಅಂಚು ಮಾತ್ರ ತೆಳ್ಳಗಿರಬೇಕು. ಅದಕ್ಕೆ ಹಾಳೆಯ ಎರಡೂ ಹಿಂದಿನ ಅಂಚುಗಳ ಒಳಭಾಗವನ್ನು 3 ಮಿ.ಮೀ.ನಷ್ಟು ಸ್ಯಾಂಡ್ ಪೇಪರ್‌ನಲ್ಲಿ ತೆಳುಮಾಡಿ ಆಮೇಲೆ ಸೇರಿಸಿ. ಮೇಲೆ ಕಮಾನು ಇರುವುದರಿಂದ ಮೇಲಿನ ಭಾಗ ಕೆಳಗಿನದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಇಲ್ಲೂ ಮೊದಲು ತೆಳು ಕಾಗದ ಹೊದಿಸಿ ಗುರುತು ಮಾಡಿ.

ಕೆಳಭಾಗ ಮೊದಲು ಅಂಟಿಸಿ, ಪೂರ್ತಿ ಒಣಗಲಿ. ಆಮೇಲೆ ಮೇಲ್ಭಾಗ. ಹಿಂದಿನ ಅಂಚು ಸೇರಿಸುವಾಗ ರೆಕ್ಕೆ ತಿರುಚಿಕೊಳ್ಳುವುದು ಬಹಳ ಸುಲಭ. ಅದನ್ನು ಚಪ್ಪಟೆ ಹಲಗೆಯ ಅಂಚಿಗೆ ಇಟ್ಟು, ಒಂದು ಕಡೆಯ ರೆಕ್ಕೆ ಹಲಗೆ ಮೇಲೆ, ಇನ್ನೊಂದು ಹೊರಗೆ ಬರುವಂತೆ ಮಾಡಿ, ಹಿಂದಿನ ಅಂಚಿನ ಮೇಲೆ ಸ್ಟೀಲ್ ಸ್ಕೇಲ್, ಸ್ಕೇಲಿನ ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಮರುದಿನ ಇನ್ನೊಂದು ಕಡೆ. ಹೀಗೆ ಎರಡು ರಾತ್ರಿ ಬೇಕು.

ರೆಕ್ಕೆಯನ್ನು ಒಡಲಿಗೆ ಕೂರಿಸುವಾಗ ಎರಡು ತುದಿಗಳ ಕೆಳಗೆ ಒಂದೇ ಎತ್ತರದ ಬೆಂಕಿಪೊಟ್ಟಣಗಳನ್ನು ಪೇರಿಸಿ. ಮೂಗಿನ ತುದಿಯಿಂದ ಎಡರೆಕ್ಕೆಯ ತುದಿಗೆ, ಬಲರೆಕ್ಕೆಯ ತುದಿಗೆ ದಾರ ಹಿಡಿದು ಅಳೆಯಿರಿ. ಎರಡೂ ಸಮ ಬಂದರೆ ರೆಕ್ಕೆ ನೇರ ಇದೆ. ಇದು ನಮ್ಮ ಹುಡುಗಿಯ ಪಾಲಿನ ಕೆಲಸ. ಅವಳು ಕೂದಲೆಳೆಯ ವ್ಯತ್ಯಾಸವನ್ನೂ ಬಿಡುವುದಿಲ್ಲ.

ಬಾಲ, ಚಕ್ರ, ಪ್ರೊಪೆಲರ್

ಬಾಲದ ರೆಕ್ಕೆಗಳಿಗೆ ಪಕ್ಕೆಲುಬು ಬೇಡ. ಒಳಗೊಂದು ಹಲ್ಲುಕಡ್ಡಿ ಇಟ್ಟು ಕಾಗದ ಮಡಚಿದರೆ ಸಾಕು. ನಿಲುವು ಬಾಲ ಮತ್ತು ಅಡ್ಡ ಬಾಲದ ನಡುವೆ ಮೂಲೆಮಟ್ಟ ಇಟ್ಟು ನೋಡಿ.

ಚಕ್ರಕ್ಕೆ ದುಂಡು ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ. ಒಣಗಿದ ಮೇಲೆ ಅಗರಬತ್ತಿ ಕಡ್ಡಿಗೆ ಪೋಣಿಸಿ ಬೆರಳಲ್ಲಿ ತಿರುಗಿಸುತ್ತಾ ಸ್ಯಾಂಡ್ ಪೇಪರ್‌ಗೆ ತಾಗಿಸಿದರೆ ಅಂಚು ಟೈರಿನಂತೆ ದುಂಡಾಗುತ್ತದೆ. ಕಾಲಿಗೆ ಗಟ್ಟಿ ತಂತಿ ಬೇಕು. ಅದನ್ನು ಹೊದಿಕೆಗೆ ಅಂಟಿಸಿದರೆ ನಿಲ್ಲುವುದಿಲ್ಲ, ರೆಕ್ಕೆಯ ತೊಲೆಗೇ ಬಿಗಿಯಬೇಕು. ಹಾಗಾಗಿ ಹೊದಿಕೆ ಹಾಕುವ ಮುಂಚೆಯೇ ತಂತಿ ಕೂರಿಸಿರಿ. ಮೂಗಿನಲ್ಲಿ ಚಕ್ರ ಇರುವ ವಿಮಾನಗಳಿಗೆ ಬಾಲ ಕುಸಿಯದಂತೆ ಮುಂದೆ ಭಾರ ತುಂಬಬೇಕು. ಎಚ್‌ಟಿ-2ರ ಮೂರನೇ ಚಕ್ರ ಬಾಲದಲ್ಲೇ ಇದೆ. ಭಾರ ಬೇಡ, ತುಂಬಿದರೆ ಮುಗ್ಗರಿಸುತ್ತದೆ.

ಪ್ರೊಪೆಲರ್‌ಗೆ ಎರಡು ಅಲಗು. ಮೂರು ಪದರ ಕಾಗದ ಅಂಟಿಸಿ, ಹಸಿ ಇರುವಾಗಲೇ ಎರಡು ಅಲಗನ್ನೂ ಸ್ವಲ್ಪ ತಿರುಚಿ ಒಣಗಿಸಿ. ಯಾವ ಕಡೆಗೆ ತಿರುಚಬೇಕು ಅನ್ನುವುದನ್ನು ಫೋಟೊ ನೋಡಿಯೇ ಮಾಡಿ.

ಗಾಜಿನ ಚೌಕಟ್ಟಿಗೆ ಫೆವಿಕ್ವಿಕ್ ಮುಟ್ಟಿಸಬೇಡಿ. ಅದರ ಆವಿ ತಾಗಿ ಪ್ಲಾಸ್ಟಿಕ್ ಬೆಳ್ಳಗೆ ಮಬ್ಬಾಗುತ್ತದೆ, ಮತ್ತೆ ಹೋಗುವುದಿಲ್ಲ. ಪ್ಲಾಸ್ಟಿಕ್ ಮೇಲೆ ತೆಳು ಕಾಗದದ ಪಟ್ಟಿಗಳನ್ನು ಒಳಗೂ ಹೊರಗೂ ಫೆವಿಕಾಲ್‌ನಲ್ಲಿ ಅಂಟಿಸಿ. ಒಣಗಿದರೆ ಅಂಟಿನ ಗುರುತು ಕಾಣುವುದಿಲ್ಲ.

ಬಣ್ಣ

ಯಾವುದಾದರೂ ಒಂದೇ ವಿಮಾನದ ಫೋಟೊ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ನೋಡಿ. ಬೇರೆ ಬೇರೆ ವರ್ಷದ ಫೋಟೊಗಳಿಂದ ಒಂದೊಂದು ಬಣ್ಣ ತೆಗೆದರೆ ಎಲ್ಲೂ ಇರದ ವಿಮಾನ ಆಗುತ್ತದೆ. ಬೆಂಗಳೂರಿಗೆ ಹೋದಾಗ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ಮ್ಯೂಸಿಯಂ ನೋಡಿ ಬನ್ನಿ. ಹಳೆಯ ವಿಮಾನಗಳ ಹತ್ತಿರ ನಿಂತು ತಗಡು ತಗಡಿಗೆ ಹೇಗೆ ಸೇರಿದೆ ಅಂತ ಕಣ್ಣಾರೆ ನೋಡಿದರೆ ಕೈಗೆ ಬೇರೆಯೇ ಬುದ್ಧಿ ಬರುತ್ತದೆ.

ಬೆಳ್ಳಿ ಬಣ್ಣಕ್ಕೆ ಬೇಗಡೆ ಹಾಳೆ ಬಳಸಬೇಡಿ, ಅದು ತೀರಾ ಮಿಂಚುತ್ತದೆ. ಕುಂಚದಲ್ಲಿ ನೀರು ಬಣ್ಣ ಬಳಿದರೂ ಹೊದಿಕೆ ಅಲೆ ಅಲೆಯಾಗುತ್ತದೆ. ಸ್ಪ್ರೇ ಡಬ್ಬಿಯ ಬಣ್ಣವನ್ನು ತಾರಸಿಯ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ ಎರಡು ಮೂರು ತೆಳು ಪದರವಾಗಿ ಹೊಡೆಯಿರಿ. ಗಾಜು ಮತ್ತು ಸೀಟಿನ ಜಾಗಕ್ಕೆ ಮೊದಲೇ ಕಾಗದ ಮುಚ್ಚಿ. ವಾಯುಪಡೆಯ ಗುರುತಿನಲ್ಲಿ ಹೊರಗಿನ ಬಳೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದು ಅದಲು ಬದಲಾಗಬಾರದು.

ದಿನಕ್ಕೆ ಒಂದು ಗಂಟೆ ಕೂತರೆ ಮೂರು ವಾರ ಬೇಕು. ಗಣೇಶನ ಹಬ್ಬ ಮುಗಿದ ಕೂಡಲೇ ಶುರು ಮಾಡಿದರೆ ಗೊಂಬೆ ಕೂರಿಸುವ ಹೊತ್ತಿಗೆ ಸರಿಹೋಗುತ್ತದೆ.

ಒಂದು ಎಚ್ಚರಿಕೆ. ರಾಗಿ ಪೈರಿನ ಹುಲ್ಲಿನ ಮೇಲೆ ಈ ವಿಮಾನ ಬಹಳ ಚಂದ ಕಾಣುತ್ತದೆ. ಆದರೆ ಪೈರಿಗೆ ದಿನವೂ ನೀರು ಚಿಮುಕಿಸುತ್ತೇವಲ್ಲ, ಆ ತೇವಕ್ಕೆ ರಟ್ಟಿನ ಚಕ್ರ ಎರಡು ದಿನದಲ್ಲಿ ಊದಿಕೊಳ್ಳುತ್ತದೆ. ಚಕ್ರಗಳಿಗೆ ವಾರ್ನಿಷ್ ಬಳಿಯಿರಿ. ಪೈರಿನ ಮಧ್ಯೆ ರಟ್ಟಿನ ಓಡುದಾರಿ ಮಾಡಿ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಹಬ್ಬ ಕಳೆದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗ ವಿಮಾನವನ್ನು ಎಲ್ಲಕ್ಕಿಂತ ಮೇಲೆ, ಹಳೆಯ ಹತ್ತಿ ಸೀರೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಎರಡು ನುಸಿಗುಳಿಗೆ ಇಡಿ.